ಬೆರಿ ಸೇಂಟ್ ಎಡ್ಮಂಡ್ಸ್ ಗೈಡೆಡ್ ವಾಕ್: ಅಪ್ಪನ ಜೊತೆ ಒಂದೂವರೆ ಗಂಟೆ

ಇಂಗ್ಲೆಂಡಿನ ಬೆರಿ ಸೇಂಟ್ ಎಡ್ಮಂಡ್ಸ್ ಅನ್ನೋ ಈ ಊರಿಗೆ ನಾನು ಮೂರು ಸಲ ಹೋಗಿದ್ದೇನೆ. ಮೊದಲನೇ ಸಲ ಸುಮ್ನೆ ಒಬ್ಬಳೇ ಹೋಗಿ, ಪಾರ್ಕಿನಲ್ಲಿ ಒಂದಷ್ಟು ಕಲ್ಲಿನ ಗುಡ್ಡೆ ನೋಡಿ, ಕಾಫಿ ಕುಡಿದು ವಾಪಸ್ ಬಂದೆ. ಎರಡನೇ ಸಲ ರಾತ್ರಿ ಹೊತ್ತಿನ ದೆವ್ವದ ಟೂರ್ ಒಂದಕ್ಕೆ ದುಡ್ಡು ಕೊಟ್ಟೆ. ಕರಿ ಕೋಟು ಹಾಕಿದ ಮನುಷ್ಯ ಸಮಾಧಿಗಳ ಮಧ್ಯೆ ನಿಂತು ಕಿರುಚಿದ್ದೇ ಕಿರುಚಿದ್ದು, ಮಳೆ ಬೇರೆ. ಅವನ ಹೆಸರು ಬೇಡ ಬಿಡಿ. ಮೂರನೇ ಸಲ, ಈ ಅಕ್ಟೋಬರ್‌ನ ಒಂದು ಶನಿವಾರ, ಊರಿನ ಟೂರ್ ಗೈಡ್ ಒಬ್ಬರ ಜೊತೆ ಹಗಲು ಹೊತ್ತಿನಲ್ಲೇ ನಡೆದೆ. ಮಂಡ್ಯದಿಂದ ಬಂದಿದ್ದ ಅಪ್ಪನೂ ಜೊತೆಗಿದ್ದರು. ಈ ರಿವ್ಯೂ ಆ ಮೂರನೇ ಸಲದ್ದು.

ಹೆಸರಿನ ವಿಷಯ ಮೊದಲು. ಇಂಗ್ಲಿಷ್‌ನಲ್ಲಿ ಬರೆದದ್ದನ್ನು ನೋಡಿ ನಾನು ಬಹಳ ದಿನ ಇದನ್ನು 'ಬರಿ' ಅಂತಲೇ ಓದುತ್ತಿದ್ದೆ. ಲ್ಯಾಬ್‌ನಲ್ಲಿ ಜೊತೆಗಿರುವ ಹುಡುಗಿ ನಕ್ಕು ತಿದ್ದಿದಳು. ಅದು 'ಬೆರಿ', ಸ್ಟ್ರಾಬೆರಿಯಲ್ಲಿ ಬರುವ ಹಾಗೆ. ಇಂಗ್ಲಿಷ್‌ನಲ್ಲಿ ಹೂಳೋದಕ್ಕೂ ಇದೇ ಪದ, ಹಾಗಾಗಿ ಸಂತ ಎಡ್ಮಂಡನನ್ನು ಹೂತಿಟ್ಟ ಜಾಗ ಅನ್ನೋದಕ್ಕೆ ಈ ಹೆಸರು ಬಂತು ಅಂತ ತುಂಬ ಜನ ಅಂದುಕೊಳ್ಳುತ್ತಾರೆ. ಹಾಗಲ್ಲ. ಹಳೆಯ ಇಂಗ್ಲಿಷ್‌ನಲ್ಲಿ ಕೋಟೆ ಕಟ್ಟಿದ ಊರಿಗೆ ಇದ್ದ ಪದದಿಂದ ಬಂದ ಹೆಸರು ಅದು. ನಮ್ಮಲ್ಲಿ 'ಪಟ್ಟಣ' ಸೇರಿಸಿದ ಹಾಗೆ.

ಕೇಂಬ್ರಿಡ್ಜ್‌ನಿಂದ ರೈಲಿನಲ್ಲಿ ಮುಕ್ಕಾಲು ಗಂಟೆ. ಸ್ಟೇಷನ್‌ನಿಂದ ಹೊರಗೆ ಕಾಲಿಟ್ಟ ತಕ್ಷಣ ಅಪ್ಪ ನಿಂತುಬಿಟ್ಟರು. ಮೂಗು ಮೇಲೆತ್ತಿ ಎರಡು ಸಲ ಗಾಳಿ ಎಳೆದುಕೊಂಡರು.

"ಇಲ್ಲೆಲ್ಲೋ ಸಕ್ಕರೆ ಫ್ಯಾಕ್ಟ್ರಿ ಐತೆ ಕಣವ್ವ."

ಇತ್ತು! ಊರಿನ ಅಂಚಿನಲ್ಲಿ ದೊಡ್ಡ ದೊಡ್ಡ ಬಿಳಿ ಗೋಪುರಗಳ ಫ್ಯಾಕ್ಟರಿ, 1925ರಿಂದ ನಡೆಯುತ್ತಿದೆ. ಕಬ್ಬಲ್ಲ, ಬೀಟ್‌ರೂಟ್ ಜಾತಿಯ ಬಿಳಿ ಗೆಡ್ಡೆಯಿಂದ ಸಕ್ಕರೆ ತೆಗೆಯುತ್ತಾರೆ. ಚಳಿಗಾಲ ಬಂತು ಅಂದರೆ ಅರೆಯೋ ಸೀಸನ್. ಮಂಡ್ಯದ ಮೈಷುಗರ್ ಫ್ಯಾಕ್ಟರಿ ವಾಸನೆಯಲ್ಲೇ ಬೆಳೆದವಳಾದ ನನಗೆ ಎರಡು ಸಲ ಬಂದರೂ ಹೊಳೆಯದ್ದು ಅಪ್ಪನಿಗೆ ಎರಡು ನಿಮಿಷದಲ್ಲಿ ಹೊಳೆಯಿತು. ಗಾಳಿ ತಿರುಗಿದರೆ ಬ್ರೂವರಿ ಕಡೆಯಿಂದ ಬೇಯಿಸಿದ ಧಾನ್ಯದ ವಾಸನೆ. ಗ್ರೀನ್ ಕಿಂಗ್ ಅನ್ನೋ ಬಿಯರ್ ಕಂಪನಿ 1799ರಿಂದ ಇದೇ ಊರಿನಲ್ಲಿದೆ.

ಅಪ್ಪನ ಬಗ್ಗೆ ಎರಡು ಮಾತು ಹೇಳಲೇಬೇಕು. ಇಲ್ಲದಿದ್ದರೆ ಈ ವಾಕ್ ನಮಗೆ ಯಾಕೆ ಇಷ್ಟವಾಯಿತು ಅಂತ ಗೊತ್ತಾಗಲ್ಲ. ಅವರು ಮೂವತ್ತೊಂದು ವರ್ಷ ಎಪಿಎಂಸಿಯಲ್ಲಿ ಕೆಲಸ ಮಾಡಿದವರು. ಬೆಲ್ಲದ ಹರಾಜು, ತೂಕ, ಸೆಸ್, ದಲ್ಲಾಳಿಗಳ ಜಗಳ, ಇದೇ ಅವರ ಪ್ರಪಂಚ. ಲಂಡನ್‌ನಲ್ಲಿ ಅರಮನೆ ತೋರಿಸಿದೆ, "ಚೆನ್ನಾಗೈತೆ" ಅಂದು ಸುಮ್ಮನಾದರು. ಚರ್ಚುಗಳನ್ನು ತೋರಿಸಿದೆ, ಬೆಂಚು ಹುಡುಕಿ ಕೂತರು. ಹಾಗಾಗಿ ಇನ್ನೊಂದು ಪಾಳು ಮಠ ತೋರಿಸಲು ಕರೆದುಕೊಂಡು ಹೋಗುವಾಗ ನನಗೆ ಒಳಗೊಳಗೇ ಅಳುಕಿತ್ತು.

ನಮ್ಮ ಗೈಡ್ ರಿಟೈರ್ ಆದ ಹೆಂಗಸು. ಕೈಯಲ್ಲಿ ಪ್ಲಾಸ್ಟಿಕ್ ಹಾಳೆಗಳ ಒಂದು ಫೈಲು, ಗಾಳಿಗೆ ಹಾರದಿರಲಿ ಅಂತ ಪ್ರತಿ ಹಾಳೆಗೂ ಬಟ್ಟೆ ಒಣಗಿಸೋ ಕ್ಲಿಪ್ಪು. ಏಂಜೆಲ್ ಹಿಲ್ ಅನ್ನೋ ಅಗಲವಾದ ಚೌಕದಲ್ಲಿ ಎಲ್ಲರನ್ನೂ ಸೇರಿಸಿದರು. ಹದಿನೆಂಟು ಜನ ಇದ್ದೆವು. ಅದು ಸ್ವಲ್ಪ ಜಾಸ್ತಿನೇ. ಮೈಕ್ ಇಲ್ಲ. ಪಕ್ಕದಲ್ಲೇ ಕಾರುಗಳು. ಮೊದಲ ಐದು ನಿಮಿಷ ಹಿಂದೆ ನಿಂತಿದ್ದವರಿಗೆ ಏನೂ ಕೇಳಿಸಲಿಲ್ಲ, ನಮಗೂ ಕೇಳಿಸಲಿಲ್ಲ. ನೀವು ಹೋದರೆ ನಾಚಿಕೆ ಬಿಟ್ಟು ಗೈಡ್ ಪಕ್ಕಕ್ಕೇ ಅಂಟಿಕೊಂಡು ನಿಲ್ಲಿ.

ಸಂತ ಎಡ್ಮಂಡನ ಕಥೆಯಿಂದ ಶುರು ಮಾಡುತ್ತಾರೆ ಅಂದುಕೊಂಡಿದ್ದೆ. ಇಲ್ಲ. ಎದುರಿಗಿದ್ದ ದೊಡ್ಡ ಬಾಗಿಲು ತೋರಿಸಿ, "ಇದು ಮಠದ ಬಾಗಿಲೋ, ಕೋಟೆ ಬಾಗಿಲೋ?" ಅಂತ ಕೇಳಿದರು. ಆ್ಯಬಿ ಗೇಟ್ ಅದು. ನೋಡಿದರೆ ನಿಜಕ್ಕೂ ಕೋಟೆಯೇ. ಮೇಲಿಂದ ಇಳಿಬಿಡುವ ಕಬ್ಬಿಣದ ಜಾಲರಿ ಬಾಗಿಲಿಗೆ ಕಲ್ಲಿನಲ್ಲಿ ಕೊರೆದ ತೋಡು ಇನ್ನೂ ಇದೆ. ಹಿಂದೆ ಮೂರ್ತಿಗಳು ನಿಂತಿದ್ದ ಗೂಡುಗಳ ಹಿಂದೆ ಬಾಣ ಬಿಡೋ ಸಂದುಗಳು. ದೇವರ ಮೂರ್ತಿಯ ಬೆನ್ನ ಹಿಂದೆ ಬಿಲ್ಲು ಹಿಡಿದವನು!

ಯಾಕೆ ಅಂದರೆ 1327ರಲ್ಲಿ ಊರಿನವರೇ ಮಠಕ್ಕೆ ನುಗ್ಗಿದ್ದರು. ಹಳೆಯ ಬಾಗಿಲು ಮುರಿದು, ಒಳಗಿದ್ದ ಹಕ್ಕುಪತ್ರಗಳನ್ನು ಹೊತ್ತುಕೊಂಡು ಹೋದರು. ಅವರ ತಕರಾರು ದೇವರ ಮೇಲಲ್ಲ. ಊರು, ಮನೆ, ಸಂತೆ, ಗಿರಣಿ, ಕೋರ್ಟು ಎಲ್ಲ ಮಠದ ಕೈಯಲ್ಲಿ. ನಮ್ಮ ವ್ಯವಹಾರ ನಾವೇ ನೋಡಿಕೊಳ್ಳುತ್ತೇವೆ ಅನ್ನೋದು ಜನರ ಬೇಡಿಕೆ. ಗಲಾಟೆ ಅಲ್ಲಿಗೇ ನಿಲ್ಲಲಿಲ್ಲ. ಮುಂದೆ ಅಬಟ್‌ರನ್ನೇ, ಅಂದರೆ ಮಠದ ದೊಡ್ಡ ಸ್ವಾಮಿಗಳನ್ನೇ, ಎತ್ತಿಹಾಕಿಕೊಂಡು ಹೋಗಿ, ಲಂಡನ್ನಿಗೆ ಸಾಗಿಸಿ, ಅಲ್ಲಿಂದ ಸಮುದ್ರ ದಾಟಿಸಿ ಈಗಿನ ಬೆಲ್ಜಿಯಂ ಕಡೆಯ ಬ್ರಬಾಂಟ್‌ನಲ್ಲಿ ಬಚ್ಚಿಟ್ಟರು. ಈ ಹೊಸ ಬಾಗಿಲು ಎದ್ದದ್ದು ಆ ಗಲಾಟೆ ಆದಮೇಲೆ.

ನಾನು ಅನುವಾದ ಮಾಡಿ ಹೇಳುತ್ತಿದ್ದೆ. 'ಸಂತೆ' ಅಂದ ಕೂಡಲೇ ಅಪ್ಪ ಮುಂದೆ ಬಂದು ಗೈಡ್ ಪಕ್ಕ ನಿಂತರು. ಆಮೇಲೆ ಆ ಜಾಗ ಬಿಡಲಿಲ್ಲ.

ಬಾಗಿಲು ದಾಟಿದರೆ ಆ್ಯಬಿ ಗಾರ್ಡನ್ಸ್. ಟಿಕೆಟ್ ಇಲ್ಲ, ಯಾರು ಬೇಕಾದರೂ ಹೋಗಬಹುದು. 1831ರಲ್ಲಿ ಸಸ್ಯೋದ್ಯಾನ ಅಂತ ಶುರುವಾದದ್ದು ಈಗ ಊರಿನ ಪಾರ್ಕು. ಹೂವಿನ ಮಡಿಗಳು, ಅಳಿಲುಗಳು, ಐಸ್‌ಕ್ರೀಮ್ ತಿನ್ನೋ ಮಕ್ಕಳು, ಮಧ್ಯೆ ಮಧ್ಯೆ ಎರಡಾಳೆತ್ತರದ, ಆಕಾರವೇ ಇಲ್ಲದ ಕಲ್ಲಿನ ಕಂಬಗಳು. ನಾನು ಮೊದಲನೇ ಸಲ ಬಂದಾಗ ಪೆಚ್ಚಾಗಿ ನಿಂತದ್ದು ಇವುಗಳ ಮುಂದೆಯೇ. ಇದೇನು ಇತಿಹಾಸ, ಮಣ್ಣುಗುಡ್ಡೆ ಥರ ಇದೆಯಲ್ಲ ಅಂತ.

ಗೈಡ್ ಒಂದು ಕಂಬದ ಹತ್ತಿರ ಕರೆದು, ಮುಟ್ಟಿ ನೋಡಿ ಅಂದರು. ಹತ್ತಿರದಿಂದ ನೋಡಿದರೆ ಥೇಟ್ ಕಡ್ಲೆ ಚಿಕ್ಕಿ. ಮುಷ್ಟಿ ಗಾತ್ರದ ಚಕಮಕಿ ಕಲ್ಲುಗಳು, ಕೆಲವು ಒಡೆದು ಒಳಗಿನ ಕಪ್ಪು ಹೊಳಪು ಕಾಣುತ್ತೆ, ಸುತ್ತ ಬೆಲ್ಲದ ಪಾಕದ ಹಾಗೆ ಗಾರೆ. ಗೋಡೆಯ ಹೊಟ್ಟೆಯೊಳಗೆ ತುಂಬುತ್ತಿದ್ದ ಮಾಲು ಇದು. ಇದರ ಮೇಲೆ ನುಣ್ಣಗೆ ಕೆತ್ತಿದ ಸುಣ್ಣಕಲ್ಲಿನ ಹೊದಿಕೆ ಇತ್ತು. ಮಠ ಮುಚ್ಚಿದ ಮೇಲೆ ಜನ ಆ ಹೊದಿಕೆಯನ್ನು ಪೂರ್ತಿ ಬಿಚ್ಚಿಕೊಂಡು ಹೋದರು. ಯಾರಿಗೂ ಬೇಡದ ಒಳಗಿನ ತಿರುಳು ಮಾತ್ರ ಉಳಿಯಿತು. ನಾವು ನೋಡುತ್ತಿರೋದು ಕಟ್ಟಡ ಅಲ್ಲ, ಕಟ್ಟಡದ ಎಲುಬು. ಈ ಒಂದು ಮಾತಿಗೇ ಟಿಕೆಟ್ ದುಡ್ಡು ವಸೂಲಾಯಿತು ಅನ್ನಿಸಿತು ನನಗೆ. ಆಮೇಲೆ ಇಡೀ ಪಾರ್ಕು ಬೇರೆಯೇ ಕಾಣತೊಡಗಿತು. ಇದು ಇಗರ್ಜಿಯ, ಅಂದರೆ ಮಠದ ಚರ್ಚಿನ, ಕಂಬ, ಅದು ಊಟದ ಮನೆ, ಇದು ಅಬಟ್‌ರ ಮನೆ. ಇಗರ್ಜಿಯೊಂದೇ ಐನೂರು ಅಡಿಗಿಂತ ಉದ್ದ ಇತ್ತಂತೆ. ಗೈಡ್ ಈ ತುದಿಯಲ್ಲಿ ನಿಂತು ಆ ತುದಿ ತೋರಿಸಿದಾಗ ಅಲ್ಲಿದ್ದ ಮನುಷ್ಯರು ಬೆರಳಷ್ಟು ಕಂಡರು.

ಎಡ್ಮಂಡನ ಕಥೆ ಹೇಳಿದ್ದು ಇಲ್ಲಿ, ಬೇಗ ಬೇಗ. ಅವನು ಈ ಸೀಮೆಯ, ಅಂದರೆ ಈಸ್ಟ್ ಆಂಗ್ಲಿಯಾದ, ದೊರೆ. 869ರಲ್ಲಿ ಡೆನ್ಮಾರ್ಕ್ ಕಡೆಯಿಂದ ದಂಡೆತ್ತಿ ಬಂದ ಡೇನರು ಅವನನ್ನು ಕೊಂದರು. ಮರಕ್ಕೆ ಕಟ್ಟಿ ಬಾಣ ಹೊಡೆದು, ಆಮೇಲೆ ತಲೆ ಕಡಿದು ಕಾಡಿಗೆ ಎಸೆದರು ಅಂತ ಪ್ರತೀತಿ. ಹುಡುಕಲು ಹೋದವರಿಗೆ "ಇಲ್ಲಿ, ಇಲ್ಲಿ, ಇಲ್ಲಿ" ಅಂತ ತಲೆಯೇ ಕೂಗಿತಂತೆ. ಹೋಗಿ ನೋಡಿದರೆ ಒಂದು ತೋಳ ಮುಂಗಾಲಿನ ಮಧ್ಯೆ ತಲೆ ಇಟ್ಟುಕೊಂಡು ಕಾಯುತ್ತಾ ಕೂತಿತ್ತು. ಊರಲ್ಲಿ ಎಲ್ಲಿ ನೋಡಿದರೂ ಆ ತೋಳದ ಚಿತ್ರ. 1020ರಲ್ಲಿ ದೊರೆ ಕನೂಟ್ ಇಲ್ಲಿ ಬೆನೆಡಿಕ್ಟೈನ್ ಸನ್ಯಾಸಿಗಳ ಮಠ ಸ್ಥಾಪಿಸಿದ. ಇದರಲ್ಲಿ ನನಗೆ ಮಜಾ ಅನ್ನಿಸಿದ್ದು, ಕನೂಟನೂ ಡೇನನೇ. ಕೊಂದವರ ಕುಲದವನೇ ಬಂದು ಗುಡಿ ಕಟ್ಟಿಸಿದ. ಸೇಂಟ್ ಜಾರ್ಜ್ ಬರುವ ಮುಂಚೆ ಇಂಗ್ಲೆಂಡಿಗೆಲ್ಲ ಎಡ್ಮಂಡನೇ ಕಾಯೋ ಸಂತ. ಅವನ ಮೈ ಈಗ ಎಲ್ಲಿದೆ ಅನ್ನೋದು ಯಾರಿಗೂ ಗೊತ್ತಿಲ್ಲ. ಪಾರ್ಕಿನ ಒಂದು ಮೂಲೆಯಲ್ಲಿ ಟೆನಿಸ್ ಕೋರ್ಟ್ ಇದ್ದ ಜಾಗ ಹಿಂದೆ ಸನ್ಯಾಸಿಗಳ ಸ್ಮಶಾನ. ಅಲ್ಲೇ ಇರಬಹುದು ಅಂತ ಕೆಲವರ ನಂಬಿಕೆ.

ಇಗರ್ಜಿಯ ಬಲಿಪೀಠ ಇದ್ದ ಕಡೆ ಎರಡು ದೊಡ್ಡ ಕಂಬಗಳಲ್ಲಿ ಫಲಕ ಕೂರಿಸಿದ್ದಾರೆ. 1214ರ ನವೆಂಬರ್ 20, ಎಡ್ಮಂಡನ ಹಬ್ಬದ ದಿನ, ಇಂಗ್ಲೆಂಡಿನ ಪಾಳೆಯಗಾರರು ಇಲ್ಲಿ ಸೇರಿ, ದೊರೆ ಜಾನ್‌ನಿಂದ ಹಕ್ಕುಪತ್ರ ಬರೆಸಿಕೊಳ್ಳುತ್ತೇವೆ ಅಂತ ಆಣೆ ಮಾಡಿದರು ಅಂತ ಒಂದು ಫಲಕ ಹೇಳುತ್ತೆ. ಮುಂದಿನ ವರ್ಷ ಬಂದದ್ದೇ ಮ್ಯಾಗ್ನಾ ಕಾರ್ಟಾ, ದೊರೆಯೂ ಕಾನೂನಿಗೆ ತಲೆಬಾಗಬೇಕು ಅನ್ನೋ ಹಕ್ಕುಪತ್ರ. ಅದಕ್ಕೇ ಊರಿನ ಲಾಂಛನದಲ್ಲಿ 'ದೊರೆಯ ಗುಡಿ, ಕಾನೂನಿನ ತೊಟ್ಟಿಲು' ಅಂತ ಲ್ಯಾಟಿನ್‌ನಲ್ಲಿ ಬರೆದುಕೊಂಡಿದ್ದಾರೆ. ನಮ್ಮ ಗೈಡ್ ಪ್ರಾಮಾಣಿಕರು. "ಒಬ್ಬ ಬರಹಗಾರ ಹೀಗೆ ಬರೆದಿದ್ದಾನೆ, ಇತಿಹಾಸಕಾರರು ಎಲ್ಲರೂ ಒಪ್ಪಲ್ಲ" ಅಂತ ಬಾಯಿಬಿಟ್ಟು ಹೇಳಿದರು. ದೆವ್ವದ ಟೂರ್‌ನವನಿಗೆ ಈ ಗುಣ ಇರಲಿಲ್ಲ.

ಇಲ್ಲಿಂದ ಮುಂದಿನ ಇಪ್ಪತ್ತು ನಿಮಿಷವೇ ಈ ವಾಕ್‌ನ ಜೀವ. ಬೆಂಚುಗಳಿರುವ ಕಡೆ ಎಲ್ಲರನ್ನೂ ಕೂರಿಸಿ (ವಯಸ್ಸಾದವರಿಗೆ ಇದು ದೊಡ್ಡ ಉಪಕಾರ) ಗೈಡ್ ಜೋಸೆಲಿನ್ ಅನ್ನೋ ಸನ್ಯಾಸಿಯ ದಿನಚರಿಯಂಥ ಪುಸ್ತಕದಿಂದ ಕಥೆಗಳನ್ನು ಹೇಳಿದರು. ಎಂಟುನೂರು ವರ್ಷಗಳ ಹಿಂದೆ ಇದೇ ಮಠದಲ್ಲಿದ್ದವನು. ಅಬಟ್ ಸ್ಯಾಮ್ಸನ್‌ನ ಕಾಲ ಅದು, 1182ರಿಂದ 1211. ಸ್ಯಾಮ್ಸನ್ ಪಕ್ಕದ ಸೀಮೆ ನಾರ್ಫೋಕ್ ಕಡೆಯವನು. ಜನರಿಗೆ ಇಂಗ್ಲಿಷ್‌ನಲ್ಲಿ ಉಪದೇಶ ಮಾಡುವಾಗ ತನ್ನ ನಾರ್ಫೋಕ್ ಸೊಗಡಿನಲ್ಲೇ ಮಾತಾಡುತ್ತಿದ್ದನಂತೆ. ಅಪ್ಪನಿಗೆ ಅವನ ಮೇಲೆ ಆ ಕ್ಷಣಕ್ಕೇ ಅಭಿಮಾನ ಹುಟ್ಟಿತು.

ಅಭಿಮಾನ ಜಾಸ್ತಿ ಹೊತ್ತು ಉಳಿಯಲಿಲ್ಲ. ಹರ್ಬರ್ಟ್ ಅನ್ನೋ ಡೀನ್, ಅಂದರೆ ಚರ್ಚಿನ ಅಧಿಕಾರಿ, ಒಬ್ಬ ತನ್ನ ಜಮೀನಿನಲ್ಲಿ ಗಾಳಿಯಿಂದ ತಿರುಗೋ ಗಿರಣಿ ಹಾಕಿಕೊಂಡ. ಸ್ಯಾಮ್ಸನ್‌ಗೆ ಸಿಟ್ಟು ನೆತ್ತಿಗೇರಿತು. ಅದನ್ನು ಕೆಡವುವ ತನಕ ಊಟ ಮಾಡಲ್ಲ ಅಂದ. ಹರ್ಬರ್ಟ್ ಬಂದು, ಗಾಳಿ ಎಲ್ಲರದ್ದೂ ಅಲ್ಲವಾ, ನನ್ನ ಕಾಳು ಮಾತ್ರ ಬೀಸಿಕೊಳ್ಳುತ್ತೇನೆ ಅಂತ ಕೇಳಿಕೊಂಡ. ನಡೆಯಲಿಲ್ಲ. ಗಿರಣಿ ಅಂದರೆ ಮಠದ ಆದಾಯ. ಇನ್ನೊಬ್ಬ ಗಿರಣಿ ಹಾಕಿದರೆ ಜನ ಅಲ್ಲಿಗೆ ಹೋಗುತ್ತಾರೆ. ಕೊನೆಗೆ ಮಠದ ಆಳುಗಳು ಬರುವ ಮುಂಚೆ ಹರ್ಬರ್ಟ್ ತಾನೇ ತನ್ನ ಗಿರಣಿ ಕಿತ್ತುಹಾಕಿಸಿದ.

"ಗಾಳಿಗೂ ಲೈಸೆನ್ಸ್ ಕೇಳಿದ್ರಾ!" ಅಂದರು ಅಪ್ಪ. ನಾನು ಇಂಗ್ಲಿಷ್‌ನಲ್ಲಿ ಹೇಳಿದೆ. ಹದಿನೇಳು ಜನವೂ ನಕ್ಕರು.

ಆಮೇಲೆ ಉಗ್ರಾಣದ ಪಾರುಪತ್ಯೆಗಾರನ ಕಥೆ. ಊರಿನ ಬೀದಿಯಲ್ಲಿ ಬಿದ್ದ ಸಗಣಿ ಗೊಬ್ಬರದ ಮೇಲೂ ಅವನಿಗೆ ಹಕ್ಕು. ಕೊಯ್ಲಿನ ಕೆಲಸಕ್ಕೆ ಬದಲಾಗಿ ಮನೆಗೊಂದು ಪೆನ್ನಿ ವಸೂಲಿ. ಕೊಡದ ಬಡವರ ಮನೆಯಿಂದ ಮುಕ್ಕಾಲಿ, ಪಾತ್ರೆ ಎತ್ತಿಕೊಂಡು ಬರುತ್ತಿದ್ದರು. ಮುದುಕಿಯರು ನೂಲುವ ಕೋಲು ಹಿಡಿದುಕೊಂಡು ಹೊರಗೆ ಬಂದು ವಸೂಲಿಯವರನ್ನು ಬೈದು ಅಟ್ಟಿಸುತ್ತಿದ್ದರು ಅಂತ ಜೋಸೆಲಿನ್ ಬರೆದಿದ್ದಾನೆ. ಮಠದವನೇ ಮಠದ ಮಾನ ಹೋಗುವಂಥದ್ದನ್ನು ಬರೆದಿಟ್ಟ ಅಂದರೆ ಎಂಥ ಮನುಷ್ಯ ಇರಬೇಕು ಅಲ್ವಾ?

ಅಪ್ಪ ನಿಜಕ್ಕೂ ಅರಳಿದ್ದು ಲಂಡನ್ ವ್ಯಾಪಾರಿಗಳ ಕಥೆಗೆ. ಇಲ್ಲಿನ ಜಾತ್ರೆಗೆ ಬರುತ್ತಿದ್ದ ಅವರು, ನಾವು ಲಂಡನ್ನಿನವರು, ಇಂಗ್ಲೆಂಡಿನಲ್ಲಿ ಎಲ್ಲೂ ಸುಂಕ ಕಟ್ಟಬೇಕಾಗಿಲ್ಲ ಅಂತ ಪಟ್ಟು ಹಿಡಿದರು. ಮಠ ಬಿಡಲಿಲ್ಲ. ವ್ಯಾಪಾರಿಗಳು ಎರಡು ವರ್ಷ ಜಾತ್ರೆಗೇ ಬರಲಿಲ್ಲ. ಮಠಕ್ಕೆ ಭಾರಿ ನಷ್ಟ. ಕೊನೆಗೆ ರಾಜಿ ಹೇಗಾಯಿತು ಗೊತ್ತಾ? ಅವರು ಸುಂಕ ಕಟ್ಟೋದು, ಮಠ ಅದನ್ನು ತಕ್ಷಣ ಅವರ ಕೈಗೇ ವಾಪಸ್ ಕೊಡೋದು. ಕಟ್ಟಿದ ಹಾಗೂ ಆಯಿತು, ಕಟ್ಟದ ಹಾಗೂ ಆಯಿತು. ಇಬ್ಬರ ಹಕ್ಕೂ ಉಳಿಯಿತು.

ಅಪ್ಪ ತೊಡೆ ತಟ್ಟಿಕೊಂಡು ನಕ್ಕರು. ಅವರು ಹಾಗೆ ನಕ್ಕಿದ್ದು ನೋಡಿ ವರ್ಷಗಳೇ ಆಗಿದ್ದವು. "ನಾವೂ ಇದನ್ನೇ ಮಾಡ್ತಿದ್ದಿದ್ದು ಕಣವ್ವ. ರಸೀದಿ ಹರಿಯೋದು, ಆಮೇಲೆ ಒಳಗೆ ಕರೆದು ಸರಿ ಮಾಡೋದು. ಮಂಡಿಯವರು ಬಂದ್ ಮಾಡಿದ್ರೆ ಯಾರ್ಡ್‌ನಲ್ಲಿ ನಾಯಿನೂ ಇರಾಕಿಲ್ಲ." ಇದನ್ನು ನಾನು ಪೂರ್ತಿ ಅನುವಾದ ಮಾಡಲಿಲ್ಲ.

ಆಮೇಲೆ ಗೈಡ್ 1086ರ ಡೂಮ್ಸ್‌ಡೇ ಲೆಕ್ಕದ, ಅಂದರೆ ದೊರೆ ಇಂಗ್ಲೆಂಡಿನ ಜಮೀನು ಆಸ್ತಿ ಬರೆಸಿದ ಲೆಕ್ಕದ, ಹಾಳೆ ತೆಗೆದರು. ಹಿಂದಿನ ದೊರೆಯ ಕಾಲದಲ್ಲಿ ಉಳುಮೆ ನೆಲವಾಗಿದ್ದ ಕಡೆ ಈಗ 342 ಮನೆಗಳು ಅಂತ ಅದರಲ್ಲಿದೆ. ಅಷ್ಟೇ ಅಲ್ಲ, ರೊಟ್ಟಿ ಸುಡುವವರು, ಬಿಯರ್ ಮಾಡುವವರು, ದರ್ಜಿಗಳು, ಅಗಸಗಿತ್ತಿಯರು, ಚಮ್ಮಾರರು, ಅಡುಗೆಯವರು ಇಂಥವರೆಲ್ಲ ಸೇರಿ 75 ಜನ. ಇವರ ದಿನದ ಕೆಲಸ ಮಠಕ್ಕೆ. ಇದನ್ನೆಲ್ಲ ಮಾಡಿದವನು ಬಾಲ್ಡ್ವಿನ್ ಅನ್ನೋ ಅಬಟ್. ಫ್ರಾನ್ಸಿನವನು, ದೊರೆಗೆ ವೈದ್ಯನೂ ಆಗಿದ್ದವನು, 1065ರಲ್ಲಿ ಗಾದಿಗೆ ಬಂದ. ಹೊಲದ ಮೇಲೆ ದಾರ ಹಿಡಿದು ನೇರ ಬೀದಿಗಳನ್ನು ಎಳೆದ. ಚರ್ಚ್‌ಗೇಟ್ ಬೀದಿಯ ಆ ತುದಿಯಲ್ಲಿ ನಿಂತು ನೋಡಿದರೆ ಕಣ್ಣು ಸೀದಾ ಮಠದ ಹಳೇ ಬಾಗಿಲ ಗೋಪುರ ನಾರ್ಮನ್ ಟವರ್ ಕೆಳಗಿನ ಕಮಾನಿಗೆ, ಅದರಾಚೆ ಇಗರ್ಜಿ ಇದ್ದ ಕಡೆಗೇ ಹೋಗುತ್ತೆ. ಮಠದ ಸುತ್ತ ತಾನಾಗಿ ಬೆಳೆದ ಊರಲ್ಲ ಇದು, ಮಠ ಲೇಔಟ್ ಮಾಡಿ ಸೈಟು ಹಂಚಿದ ಊರು.

ಇಷ್ಟೆಲ್ಲ ಕೇಳಿದ ಮೇಲೆ 1381ರ ಕಥೆ ಕೇಳಿದರೆ ಆಶ್ಚರ್ಯ ಆಗಲ್ಲ. ಆ ವರ್ಷದ ರೈತರ ದಂಗೆಯಲ್ಲಿ ಮಠದ ಎರಡನೇ ಸ್ಥಾನದ ಜಾನ್ ಅನ್ನೋ ಪ್ರಯರ್‌ನ ತಲೆ ಹೋಯಿತು, ದೊಡ್ಡ ನ್ಯಾಯಾಧೀಶ ಜಾನ್ ಕ್ಯಾವೆಂಡಿಶ್‌ನ ತಲೆಯೂ ಹೋಯಿತು. ಎರಡನ್ನೂ ಸಂತೆ ಮೈದಾನದಲ್ಲಿ ಕೋಲಿಗೆ ಸಿಕ್ಕಿಸಿ, ಒಂದರ ಕಿವಿಯಲ್ಲಿ ಇನ್ನೊಂದು ಪಿಸುಗುಟ್ಟುವ ಹಾಗೆ ಆಡಿಸಿದರಂತೆ. ಆ ಪ್ರಯರ್ ತುಂಬ ಚೆನ್ನಾಗಿ ಹಾಡುತ್ತಿದ್ದನಂತೆ, ಪಾಪ.

1190ರ ಬಗ್ಗೆ ಮಾತ್ರ ಗೈಡ್ ಎರಡೇ ವಾಕ್ಯ ಹೇಳಿ ಮುಂದೆ ನಡೆದರು. ಅದು ನನಗೆ ಹಿಡಿಸಲಿಲ್ಲ. ಆ ವರ್ಷ ಈ ಊರಿನಲ್ಲಿ 57 ಯೆಹೂದಿಗಳನ್ನು ಕೊಂದರು. ಉಳಿದವರನ್ನು ನಾರ್ಫೋಕ್ ಸೊಗಡಿನ ಇದೇ ಸ್ಯಾಮ್ಸನ್ ದೊರೆಯ ಅಪ್ಪಣೆ ಪಡೆದು ಊರಿಂದಲೇ ಹೊರಹಾಕಿಸಿದ. ಪಾರ್ಕಿನಲ್ಲಿ ಕಣ್ಣೀರ ಹನಿಯ ಆಕಾರದ ಉಕ್ಕಿನ ಸ್ಮಾರಕ ಇದೆ. ನಾವು ಅದರ ಮುಂದೆಯೇ ಹಾದು ಹೋದೆವು. ಅಲ್ಲಿ ಒಂದೆರಡು ನಿಮಿಷ ನಿಲ್ಲಿಸಬಹುದಿತ್ತು.

ಮಠದ ಕೊನೆ 1539ರ ನವೆಂಬರ್‌ನಲ್ಲಿ. ಎಂಟನೇ ಹೆನ್ರಿ ದೇಶದ ಮಠಗಳನ್ನೆಲ್ಲ ಮುಚ್ಚಿಸುತ್ತಿದ್ದ ಕಾಲ. ಅದಕ್ಕೂ ಹಿಂದಿನ ವರ್ಷವೇ ಅವನ ಅಧಿಕಾರಿಗಳು ಬಂದು ಐದು ಸಾವಿರ ಮಾರ್ಕ್‌ಗೂ (ಆ ಕಾಲದ ಹಣದ ಲೆಕ್ಕ) ಮೇಲ್ಪಟ್ಟ ಬೆಳ್ಳಿ ಬಂಗಾರ ತೆಗೆದುಕೊಂಡು ಹೋಗಿದ್ದರು. ಸಂತನ ಗದ್ದುಗೆ ಬಿಚ್ಚೋದು ಬಹಳ ತ್ರಾಸದ ಕೆಲಸ ಅಂತ ಕಾಗದ ಬೇರೆ ಬರೆದಿದ್ದಾರೆ. ಕೊನೆಯ ಅಬಟ್ ಜಾನ್ ರೀವ್ ಕೆಲವೇ ತಿಂಗಳಲ್ಲಿ ತೀರಿಕೊಂಡ. ಚಾವಣಿಯ ಸೀಸ ಹೋಯಿತು, ಆಮೇಲೆ ಕಲ್ಲು. ಊರಿನ ಅದೆಷ್ಟೋ ಗೋಡೆಗಳಲ್ಲಿ ಮಠದ ಕಲ್ಲು ಇದೆ.

ಅದರ ಅತಿ ವಿಚಿತ್ರ ರೂಪ ನೋಡಬೇಕೆಂದರೆ ವೆಸ್ಟ್ ಫ್ರಂಟ್. ಇಗರ್ಜಿಯ ಮುಂಭಾಗದ ಗೋಡೆ ಅದು. ಭಾರಿ ಕಮಾನುಗಳ ಪಾಳುಗೋಡೆ, ಅದೇ ಚಿಕ್ಕಿ ಮಾಲು. ಆ ಕಮಾನುಗಳ ಹೊಟ್ಟೆಯೊಳಗೇ ಮನೆ ಕಟ್ಟಿಕೊಂಡಿದ್ದಾರೆ! ಮುಟ್ಟಿದರೆ ಉದುರುವ ಹಾಗಿರುವ ಕಲ್ಲಿನ ಮಧ್ಯೆ ಬಿಳಿ ಬಣ್ಣದ ಕಿಟಕಿ, ಕಿಟಕಿಗೆ ಪರದೆ, ಕೆಳಗೆ ಬಾಗಿಲು, ಬಾಗಿಲ ಪಕ್ಕ ಹೂವಿನ ಕುಂಡ. ಎಂಟು ಜನ ನಿಂತರೂ ತುಂಬದಷ್ಟು ದಪ್ಪ ಗೋಡೆ, ಅದರೊಳಗೆ ಯಾರೋ ಟೀ ಕುಡಿಯುತ್ತಿರಬಹುದು. ಪಾಳು ಬಿದ್ದ ರಾಜಗೋಪುರದ ಮಾಡದಲ್ಲಿ ಸಂಸಾರ ಹೂಡಿದ ಹಾಗೆ. ಕ್ಯಾಮೆರಾ ಇದ್ದವರು ಬೆಳಗಿನ ಹೊತ್ತಿಗಿಂತ ಮಧ್ಯಾಹ್ನ ಮೇಲೆ ಬನ್ನಿ, ಬಿಸಿಲು ಈ ಕಡೆಗೆ ಬೀಳುತ್ತೆ.

ಪಕ್ಕದ ಕ್ಯಾಥೆಡ್ರಲ್ ಹಿಂದೆ ಸೇಂಟ್ ಜೇಮ್ಸ್ ಇಗರ್ಜಿ ಆಗಿತ್ತು, 1914ರಲ್ಲಿ ಕ್ಯಾಥೆಡ್ರಲ್ ಆಯಿತು. ಹಳೇ ಕಾಲದ್ದೆಂದು ನಾನು ಮರುಳಾಗಿದ್ದ ಅದರ ಗೋಪುರ ಮುಗಿದದ್ದು 2005ರಲ್ಲಿ. ನನಗಿಂತ ಚಿಕ್ಕದು. ಒಳಗೆ ಹೋಗಲು ಟಿಕೆಟ್ ಇಲ್ಲ, ಹುಂಡಿಗೆ ಹಾಕಬಹುದು.

ವಾಕ್ ಮುಗಿದದ್ದು ಸೇಂಟ್ ಮೇರೀಸ್‌ನಲ್ಲಿ. ಇಲ್ಲಿ ಸಮಯ ಸಾಲದೆ ಗೈಡ್ ಓಡಿಸಿಬಿಟ್ಟರು. ಎಂಟನೇ ಹೆನ್ರಿಯ ತಂಗಿ, ಫ್ರಾನ್ಸಿನ ರಾಣಿಯಾಗಿದ್ದ ಮೇರಿ ಟ್ಯೂಡರ್ ಇಲ್ಲಿ ಮಲಗಿದ್ದಾಳೆ. 1533ರಲ್ಲಿ ತೀರಿಕೊಂಡಾಗ ಮಠದಲ್ಲಿ ಹೂತಿದ್ದರು. ಅಣ್ಣ ಮಠ ಮುಚ್ಚಿಸಿದ ಮೇಲೆ ಇಲ್ಲಿಗೆ ತಂದರು. ನಾವಿಬ್ಬರೂ ವಾಕ್ ಮುಗಿದ ಮೇಲೆ ಒಳಗೇ ಉಳಿದುಕೊಂಡೆವು. ಒಳ್ಳೇದೇ ಆಯಿತು. ಒಂದು ಮೂಲೆಯಲ್ಲಿ ಜಾನ್ ಬ್ಯಾರೆಟ್ ಅನ್ನೋ ಬಟ್ಟೆ ವ್ಯಾಪಾರಿಯ ಸಮಾಧಿ ಇದೆ, 1467ರಲ್ಲಿ ಸತ್ತವನು. ಮೇಲೆ ಅವನ ಮೂರ್ತಿ, ಆದರೆ ರೇಷ್ಮೆ ನಿಲುವಂಗಿ ಹಾಕಿದ ಸಾಹುಕಾರನ ಹಾಗಲ್ಲ. ಒಣಗಿದ ಹೆಣ. ಪಕ್ಕೆಲುಬು ಎಣಿಸಬಹುದು. ನನ್ನನ್ನು ನೋಡಿದವನು ತನ್ನದೇ ಕನ್ನಡಿ ನೋಡಿದ ಹಾಗೆ ಅಂತ ಅದರ ಮೇಲೆ ಹಳೇ ಇಂಗ್ಲಿಷ್‌ನಲ್ಲಿ ಕೊರೆದಿದೆ. ಅವನೇ ದುಡ್ಡು ಕೊಟ್ಟು ಮಾಡಿಸಿದ ಮರದ ಚಾವಣಿ ಅಲ್ಲೇ ಇದೆ. ಬಣ್ಣ ಬಳಿದ ನಕ್ಷತ್ರಗಳು, ನಕ್ಷತ್ರದ ನಡುವೆ ಕಡಲೆಕಾಳಿಗಿಂತ ಸ್ವಲ್ಪ ದೊಡ್ಡ ಕನ್ನಡಿ ಚೂರುಗಳು. ಅಪ್ಪ ಕತ್ತೆತ್ತಿ ನಿಂತು, ಟೋಪಿ ತೆಗೆದು, ಆಚೀಚೆ ತಲೆ ಓಲಾಡಿಸಿದರು. ಕನ್ನಡಿಗಳು ಮಿನುಗಿದವು. ಮತ್ತೆ ಓಲಾಡಿಸಿದರು.

ಊಟ ಪಾರ್ಕಿನ ಗುಲಾಬಿ ತೋಟದ ಬೆಂಚಿನಲ್ಲಿ, ನಾವೇ ಕಟ್ಟಿಕೊಂಡು ಬಂದ ಪುಳಿಯೋಗರೆ, ಮೊಸರನ್ನ. ಊರಲ್ಲಿ ಸಸ್ಯಾಹಾರ ಸಿಗುತ್ತೆ, ಆದರೆ ಅಪ್ಪನಿಗೆ ಬೇಯಿಸಿದ ಆಲೂಗಡ್ಡೆ ಮೇಲೆ ಚೀಸ್ ಸುರಿದು ಕೊಟ್ಟರೆ ಊಟ ಅನ್ನಿಸಲ್ಲ. ಮಧ್ಯಾಹ್ನ ಮಾಯ್ಸಿಸ್ ಹಾಲ್ ಮ್ಯೂಸಿಯಂಗೆ ಹೋದೆವು. ಸುಮಾರು 1180ರ ಕಲ್ಲಿನ ಮನೆ, 1899ರಿಂದ ಮ್ಯೂಸಿಯಂ. ಇದಕ್ಕೆ ಬೇರೆ ಟಿಕೆಟ್. ಕಟ್ಟಡ ಚೆನ್ನಾಗಿದೆ. ಜನ ಮುತ್ತಿಕೊಂಡಿದ್ದು ಮಾತ್ರ ವಿಲಿಯಂ ಕಾರ್ಡರ್ ಅನ್ನೋ ಕೊಲೆಗಾರನ ಕಪಾಟಿನ ಮುಂದೆ. 1828ರಲ್ಲಿ ಅವನನ್ನು ಈ ಊರಿನಲ್ಲಿ ನೇಣಿಗೆ ಹಾಕಿದರು, ಆಮೇಲೆ ಅವನ ಚರ್ಮದಿಂದಲೇ ಅವನ ವಿಚಾರಣೆಯ ಪುಸ್ತಕಕ್ಕೆ ರಟ್ಟು ಕಟ್ಟಿದರು. ಅಪ್ಪ ಒಂದು ಸಲ ನೋಡಿ ಹೊರಗೆ ಹೋಗಿ ನಿಂತರು. ನಾನೂ ಹಿಂದೆಯೇ ಹೋದೆ. ನಟ್‌ಶೆಲ್ ಅನ್ನೋ ಪುಟ್ಟ ಪಬ್ಬನ್ನು, ಹದಿನೈದಡಿಗೆ ಏಳಡಿ, ಹೊರಗಿನಿಂದಲೇ ನೋಡಿದೆವು.

ದರ್ಜೆ ಕೊಡಿ ಅಂದರೆ ವಾಕ್‌ಗೆ ಐದಕ್ಕೆ ನಾಲ್ಕೂವರೆ. ಅರ್ಧ ಕಳೆದದ್ದು ಮೈಕ್‌ಗೆ, ಸೇಂಟ್ ಮೇರೀಸ್‌ನ ಅವಸರಕ್ಕೆ. ನೆಲ ಬಹುಪಾಲು ಸಮ, ಮೊಣಕಾಲು ನೋವಿನವರೂ ನಡೆಯಬಹುದು. ಹುಲ್ಲು ಒದ್ದೆ ಇರುತ್ತೆ, ಚಪ್ಪಲಿ ಬೇಡ. ಸಾಧ್ಯವಾದರೆ ಬುಧವಾರ ಇಲ್ಲವೇ ಶನಿವಾರ ಹೋಗಿ, ಅವತ್ತು ಸಂತೆ.

ಆ ಸಂತೆ ಈಗಲೂ ಕಾರ್ನ್‌ಹಿಲ್ ಮತ್ತು ಬಟರ್‌ಮಾರ್ಕೆಟ್‌ನಲ್ಲೇ ನಡೆಯುತ್ತೆ. ನಾವು ಹೋಗುವ ಹೊತ್ತಿಗೆ ಅಂಗಡಿಗಳನ್ನು ಕಟ್ಟುತ್ತಿದ್ದರು. ಅಪ್ಪ ಒಂದು ತರಕಾರಿ ಅಂಗಡಿ ಮುಂದೆ ನಿಂತು, "ದಿನದ ಬಾಡಿಗೆ ಎಷ್ಟಂತೆ, ಯಾರಿಗೆ ಕಟ್ತಾರಂತೆ, ಕೇಳವ್ವ" ಅಂದರು. ನಾಚಿಕೆಯಿಂದಲೇ ಕೇಳಿದೆ. ಅಂಗಡಿಯವನು ಬೇಜಾರಿಲ್ಲದೆ ಹೇಳಿದ, ಕೌನ್ಸಿಲ್‌ಗೆ ಕಟ್ಟುತ್ತೇವೆ ಅಂದ, ಜಾಸ್ತಿ ಅಂತ ಗೊಣಗಿದ. ಅಪ್ಪ ಮನಸ್ಸಿನಲ್ಲೇ ರೂಪಾಯಿಗೆ ತಿರುಗಿಸಿ ಲೆಕ್ಕ ಹಾಕಿದರು. "ವ್ಯಾಪಾರ ಮಾಡೋರು ಯಾವತ್ತೂ ಹಂಗೇ ಅನ್ನೋದು" ಅಂದು, ಉಳಿದಿದ್ದ ಎರಡು ಹೂಕೋಸು ಒಂದರ ಬೆಲೆಗೆ ಕೊಡ್ತಾನಾ ಅಂತ ಕೇಳು ಅಂದರು. ಕೊಟ್ಟ.